ಪರೀಕ್ಷಾಸೂಚಿಗೂ ಒಂದು ಚರಿತ್ರೆ

ಪ್ರಯೋಗಶಾಲೆಯಲ್ಲಿ ತಪ್ಪಾಗಿ ಬರೆದ ಅಳತೆಯನ್ನು ನಾವು ಅಳಿಸುವುದಿಲ್ಲ. ಅದರ ಮೇಲೆ ಗೆರೆಯೆಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆಯುತ್ತೇವೆ. ತಂತ್ರಾಂಶವನ್ನು ಕೈಯಾರೆ ಪರೀಕ್ಷಿಸುವವರಿಗೂ ಈ ಶಿಸ್ತು ಅಗತ್ಯ.

ಏನು ಮಾಡಬೇಕು, ಆಗ ಏನು ಕಾಣಬೇಕು ಎಂದು ತಿಳಿಸುವ ಬರಹವೇ ಪರೀಕ್ಷಾಸೂಚಿ. “ಪಾಸ್‌ವರ್ಡ್ 3 ಸಲ ತಪ್ಪಾದರೆ ಪ್ರವೇಶ ನಿಲ್ಲಬೇಕು” ಎಂಬ ಸೂಚಿಯೊಂದಿದೆಯೆನ್ನೋಣ. ಹೊಸ ಆವೃತ್ತಿಯಲ್ಲಿ ಮಿತಿಯು 5ಕ್ಕೇರಿತು. ಸೂಚಿ ಹಳೆಯದೇ ಉಳಿಯಿತು. ಆಗ ಪರೀಕ್ಷಕನು ಸರಿಯಾದುದನ್ನೇ ತಪ್ಪೆಂದು ವರದಿಮಾಡುವನು. ಹಳೆಯ ಸೂಚಿಯನ್ನು ಅಳಿಸಿಬಿಟ್ಟರೋ, ಹಳೆಯ ಆವೃತ್ತಿಯನ್ನೇ ಬಳಸುವವರ ದೂರನ್ನು ಪರಿಶೀಲಿಸಲು ಆಧಾರವೇ ಇಲ್ಲವಾಗುವುದು.

ಇದಕ್ಕೆ ಪರಿಹಾರವೇ ಆವೃತ್ತಿ ನಿಯಂತ್ರಣ. ಲಿನಕ್ಸ್ ತಂತ್ರಾಂಶದ ಕೆಲಸಕ್ಕಾಗಿ 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ ‘ಗಿಟ್’ ಇಂತಹದೊಂದು ಸಾಧನ. ಸೂಚಿಗಳನ್ನು ಸರಳ ಪಠ್ಯವಾಗಿ ಬರೆದು, ತಂತ್ರಾಂಶದೊಡನೆ ಒಂದೇ ಭಂಡಾರದಲ್ಲಿಟ್ಟು, ಎರಡನ್ನೂ ಒಟ್ಟಿಗೆ ತಿದ್ದಿ ದಾಖಲಿಸಬೇಕು. ಪ್ರತಿಯೊಂದು ದಾಖಲೆಯಲ್ಲಿಯೂ ತಿದ್ದಿದವರ ಹೆಸರು, ಕಾಲ, ಅವರು ಬರೆದ ಕಾರಣ ಇವು ಉಳಿಯುವುವು. ದಾಖಲೆಯ ಒಳಗಿನ ವಿಷಯದಿಂದಲೇ ಗಣಿಸಿದ ಗುರುತೊಂದು ಅದಕ್ಕೆ ದೊರೆಯುವುದು. ಆ ಗುರುತನ್ನು ಹಿಡಿದು ಕೇಳಿದರೆ, ಅಂದಿನ ತಂತ್ರಾಂಶವೂ ಅಂದಿನ ಸೂಚಿಯೂ ಜೊತೆಯಾಗಿ ಮರಳುವುವು.

ಚರಿತ್ರೆಯನ್ನು ಕಾಯುವುದು ಯಂತ್ರದ ಕೆಲಸ. ಸೂಚಿಯನ್ನು ಸಕಾಲದಲ್ಲಿ ತಿದ್ದುವ ಎಚ್ಚರ ಮಾತ್ರ ನಮ್ಮದೇ.