ಸ್ಥೂಲಕಾಯರಿಗೆ ಸೈಕಲ್ ಸವಾರಿ

ತೂಕ ಇಳಿಸಲೆಂದು ಸೈಕಲ್ ಕೊಂಡವರಲ್ಲಿ ಹಲವರು ಮೊದಲ ದಿನವೇ ಅತಿಯಾಗಿ ತುಳಿದು, ಮರುದಿನ ಮಂಡಿನೋವೆಂದು ನಮ್ಮ ಬಳಿಗೆ ಬರುತ್ತಾರೆ. ವಾರದೊಳಗೆ ಸೈಕಲ್ ಮೂಲೆ ಸೇರುತ್ತದೆ. ತಮ್ಮಿಂದಾಗದೆಂದು ಅವರು ಕೈಚೆಲ್ಲುತ್ತಾರೆ.

ಚರಕ ಸಂಹಿತೆಯು ಅತಿಸ್ಥೌಲ್ಯದ ಎಂಟು ದೋಷಗಳಲ್ಲಿ ದೌರ್ಬಲ್ಯ, ಅತಿಯಾದ ಬೆವರು, ಅತಿಯಾದ ಹಸಿವುಗಳನ್ನೂ ಎಣಿಸಿದೆ. ಆದುದರಿಂದ ಬೇಗ ದಣಿಯುವುದನ್ನು ಸೋಮಾರಿತನವೆಂದು ಹಳಿದುಕೊಳ್ಳಬೇಕಾಗಿಲ್ಲ. ವ್ಯಾಯಾಮವನ್ನು ಬಲದ ಅರ್ಧದಷ್ಟೇ ಮಾಡಬೇಕೆಂಬುದು ಸುಶ್ರುತನ ವಿಧಿ. ಬಾಯಿಂದ ಉಸಿರು ಬಿಡುವಂತಾದರೆ ಆ ಮಿತಿ ಬಂದಿತೆಂದು ತಿಳಿದು ನಿಲ್ಲಿಸಬೇಕು.

ಸೈಕಲ್ಲಿನಲ್ಲಿ ದೇಹಭಾರದ ಬಹುಪಾಲನ್ನು ಸೀಟು ಹೊರುವುದರಿಂದ, ಓಟಕ್ಕಿಂತ ಮಂಡಿಗಳಿಗೆ ಹಿತ. ಪೆಡಲು ಕೆಳಗಿಳಿದಾಗ ಮಂಡಿ ತುಸುವೇ ಬಾಗಿರುವಂತೆ ಸೀಟಿನ ಎತ್ತರವಿರಲಿ. ಟೈರಿನಲ್ಲಿ ಸಾಕಷ್ಟು ಗಾಳಿಯಿರಲಿ. ಮೊದಲ ಎರಡು ವಾರ ಸಮತಟ್ಟಾದ ರಸ್ತೆಯಲ್ಲಿ ಬೆಳಿಗ್ಗೆ 10 ನಿಮಿಷ ಸಾಕು. ಬಳಿಕ ವಾರಕ್ಕೆ 5 ನಿಮಿಷದಂತೆ ಹೆಚ್ಚಿಸಿ 30 ನಿಮಿಷಕ್ಕೆ ಮುಟ್ಟಿಸಬಹುದು.

ಸವಾರಿಯ ನಂತರ ಹಸಿವು ಹೆಚ್ಚೀತು. ಆಗ ರೊಟ್ಟಿಯ ಎಣಿಕೆ ಹೆಚ್ಚಿದರೆ ಶ್ರಮವೆಲ್ಲ ವ್ಯರ್ಥ. ನೀರುಮಜ್ಜಿಗೆ ಕುಡಿದು, ಪ್ರಸಾದವನ್ನು ಮಿತವಾಗಿ ಸ್ವೀಕರಿಸಬೇಕು.

ಮಧುಮೇಹ, ರಕ್ತದೊತ್ತಡ, ಹೃದ್ರೋಗವುಳ್ಳವರು ವೈದ್ಯರನ್ನು ಕಂಡೇ ಆರಂಭಿಸಬೇಕು. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ಚಿಕಿತ್ಸೆ ಪಡೆಯಬೇಕು. ಉಳಿದಂತೆ, ಲಿಂಗಪೂಜೆಯ ಹಾಗೆ ಇದೂ ಸದ್ಭಕ್ತರ ನಿತ್ಯನೇಮವಾಗಲೆಂದು ಹಾರೈಸುತ್ತೇವೆ.