ಮ್ಯೂಸಿಯಂ ಬಾಗಿಲು ತೆರೆಯುವ ಮುನ್ನ

‘ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣ ಬರೆದ ಕವಿ ಯಾರು?’ ಪ್ರಶ್ನೆಗೆ ನಾಲ್ಕು ಆಯ್ಕೆಗಳಿದ್ದವು. ಪೊನ್ನ, ರನ್ನ ಇಬ್ಬರೂ ಅದರಲ್ಲಿದ್ದರು. ಒಂದು ನಿಮಿಷ ಪೆನ್ನು ಅಲ್ಲೇ ನಿಂತಿತು. ಆಮೇಲೆ ಪೊನ್ನನ ವೃತ್ತ ತುಂಬಿ ಮುಂದಿನ ಪ್ರಶ್ನೆಗೆ ಹೋದೆ. ಪರೀಕ್ಷಾ ಕೇಂದ್ರದ ಗೇಟು ದಾಟಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ನೆನಪಾಯಿತು, ಅದು ರನ್ನ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಆಯ್ಕೆಪಟ್ಟಿ ಬಂದಾಗ ನಾನು ಕಟ್‌ಆಫ್‌ಗಿಂತ ಒಂದೇ ಒಂದು ಅಂಕ ಕೆಳಗಿದ್ದೆ. ಲೆಕ್ಕ ನೀವೇ ಹಾಕಿಕೊಳ್ಳಿ.

ನಮ್ಮದು ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿ. ಡಿಗ್ರಿ ಓದಿದ್ದು ಲಕ್ಷ್ಮೇಶ್ವರದಲ್ಲಿ. ಸೋಮೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದು ಬಿಟ್ಟರೆ, ಆ ಗುಡಿಯ ಗೋಡೆಯನ್ನು ಮೂರು ವರ್ಷದಲ್ಲಿ ಒಮ್ಮೆಯೂ ನೆಟ್ಟಗೆ ನೋಡಿದವಳಲ್ಲ. ಈಗ ಬೆಟಗೇರಿಯಲ್ಲಿ ನಾಲ್ಕು ಜನ ಹುಡುಗಿಯರು ಕೂಡಿ ಒಂದು ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. ಪಕ್ಕದ ಓಣಿಯಿಂದ ಮಗ್ಗದ ಸದ್ದು ಬೆಳಿಗ್ಗೆಯೇ ಶುರುವಾಗುತ್ತದೆ. ಅದೇ ನಮ್ಮ ಅಲಾರಾಂ.

ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಅವ್ವನಿಗೆ ಆಗ ಮೂವತ್ನಾಲ್ಕು. ಅಲ್ಲಿಂದ ಇಲ್ಲಿಯವರೆಗೆ ಹೊಲದ ಕೂಲಿ, ಹೊಲಿಗೆ ಮಷಿನ್ನು ಎರಡನ್ನೂ ನಂಬಿ ಅವ್ವ ನನ್ನನ್ನು ಓದಿಸಿದ್ದಾಳೆ. ಪಟ್ಟಿ ಬಂದ ದಿನ ಸೋದರಮಾವ ಫೋನು ಮಾಡಿ, ‘ಸಾಕಿನ್ನ, ಬರೂ ದೀಪಾವಳಿಯೊಳಗ ನಿನ್ನ ಮದುವಿ ಮುಗಸೂಣು’ ಎಂದರು. ಅವ್ವ ಮಾತ್ರ ಏನೂ ಅನ್ನಲಿಲ್ಲ. ಆಕೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಇನ್ನೊಂದು ಮಾತು ಹೇಳಿಬಿಡಬೇಕು. ನಾನು ತಪ್ಪು ಮಾಡಿದ ಆ ಪ್ರಶ್ನೆಯ ಉತ್ತರ ಇದ್ದದ್ದು ನನ್ನ ರೂಮಿನಿಂದ ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ. ಅಲ್ಲಿಗೆ ನಾನು ಹೋಗಿಲ್ಲವೆಂದಲ್ಲ. ಹೋಗಿದ್ದೆ, ಡಿಸೆಂಬರಿನ ಒಂದು ಭಾನುವಾರ, ರೂಮಿನವರೆಲ್ಲ ಕೂಡಿ. ಅದು ಶಾಲಾ ಪ್ರವಾಸದ ಹಂಗಾಮು. ನಾಲ್ಕೈದು ಬಸ್ಸು ನಿಂತಿದ್ದವು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಮುಂದೆ ಫೋಟೊಕ್ಕೆ ಸಾಲು. ಮ್ಯೂಸಿಯಂ ಒಳಗೆ ಮಕ್ಕಳು ಒಂದು ಬಾಗಿಲಿಂದ ಹೊಕ್ಕು ಇನ್ನೇನು ನೋಡುವಷ್ಟರಲ್ಲಿ ಹಿಂದಿನವರು ದೂಡುತ್ತಿದ್ದರು, ಮೇಷ್ಟ್ರು ‘ನಡೀರಿ, ನಡೀರಿ’ ಅನ್ನುತ್ತಿದ್ದರು. ನಾವೂ ನಡೆದೆವು. ಮಿರ್ಚಿ, ಗಿರಮಿಟ್ಟು ತಿಂದು ವಾಪಸಾದೆವು. ರಾತ್ರಿ ಮೊಬೈಲ್ ತೆಗೆದು ನೋಡಿದರೆ ನಲವತ್ಮೂರು ಫೋಟೊ. ಎಲ್ಲದರಲ್ಲೂ ನಾವೇ. ಶಿಲ್ಪ ನಮ್ಮ ಹೆಗಲ ಹಿಂದೆ ಎಲ್ಲೋ ಮಸುಕಾಗಿ ಇತ್ತು.

ಪಟ್ಟಿ ಬಂದ ವಾರದಲ್ಲಿ ನಿದ್ದೆ ಬಾರದೆ ಮೊಬೈಲ್ ತಿಕ್ಕುತ್ತಿದ್ದಾಗ ಒಂದು ವಿಡಿಯೊ ಕಂಡಿತು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ. ಮೋನಾಲಿಸಾ ಚಿತ್ರದ ಮುಂದೆ ನಮ್ಮ ಜಾತ್ರೆಯ ತೇರಿನ ಮುಂದಿದ್ದಷ್ಟು ಜನ. ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಮೊಬೈಲು. ಆ ಚಿತ್ರವಾದರೂ ಎಷ್ಟು ದೊಡ್ಡದು? 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ನಮ್ಮ ರೂಮಿನ ಕಿಟಕಿಗಿಂತ ಚಿಕ್ಕದು. ವಿಡಿಯೊದವನು ಹೇಳುತ್ತಿದ್ದ: ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಲ್ಲಿ, ನೇರ ಅಲ್ಲಿಗೇ ನಡೆಯಿರಿ, ಹತ್ತು ನಿಮಿಷ ಚಿತ್ರ ನಿಮ್ಮದೇ. ಪ್ಯಾರಿಸ್ ನನ್ನ ಹಣೆಯಲ್ಲಿ ಬರೆದಿಲ್ಲ. ಆದರೆ ಲಕ್ಕುಂಡಿಗೆ ಹೋಗಲು ಆಧಾರ್ ಕಾರ್ಡ್ ಸಾಕು, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ.

ಜನವರಿ ಕೊನೆಯ ವಾರ, ಬುಧವಾರ. ಕತ್ತಲಿರುವಾಗಲೇ ಎದ್ದು, ಸ್ವೆಟರ್ ಮೇಲೆ ವೇಲು ಸುತ್ತಿಕೊಂಡು, ಗದಗ ಬಸ್‌ ನಿಲ್ದಾಣದಲ್ಲಿ ಕೊಪ್ಪಳದ ಕಡೆಯ ಬಸ್ಸು ಹತ್ತಿದೆ. ಹೊತ್ತು ಮೂಡುವ ಮುಂಚೆ ಲಕ್ಕುಂಡಿಯಲ್ಲಿ ಇಳಿದೆ. ಗಟ್ಟಿ ಮನಸ್ಸು ಮಾಡಿ ನೇರ ಮ್ಯೂಸಿಯಂಗೆ ನಡೆದೆ. ಬಾಗಿಲಿಗೆ ಬೀಗ!

ವಿಡಿಯೊದವನ ಮಾತು ಕೇಳಿ ಬಂದವಳಿಗೆ, ಸರ್ಕಾರಿ ಮ್ಯೂಸಿಯಂ ಕೋಳಿ ಕೂಗುವ ಹೊತ್ತಿಗೆ ತೆರೆಯುವುದಿಲ್ಲ ಎಂಬಷ್ಟು ಬುದ್ಧಿ ಇರಬೇಕಿತ್ತು. ಅಲ್ಲೇ ರಸ್ತೆ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಕಸಬರಿಗೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಯಾವೂರಾಕಿ ಯವ್ವಾ? ಇಷ್ಟು ಲಗೂನ ಬಂದೀಯಲ್ಲ?’

‘ಮ್ಯೂಸಿಯಂ ನೋಡಾಕ ಬಂದೇನ್ರಿ ಆಯಿ. ಗದ್ದಲ ಇರೂದಿಲ್ಲಂತ.’

‘ಅದು ತಗಿಯೂದು ಇನ್ನೂ ತಡಾ ಐತಿ. ಇಲ್ಲೇ ಯಾಕ ಕುಂದರ್ತಿ? ಊರಾಗಿಂದು ನೋಡಿ ಬಾ. ಒಳಗ ಇರೂದಕ್ಕಿಂತ ಹೊರಗ ಇರೂದ ಹೆಚ್ಚೈತಿ.’

ಅಜ್ಜಿ ಹೇಳಿದ್ದು ನಿಜ. ಒಂದು ಕಾಲಕ್ಕೆ ಲೊಕ್ಕಿಗುಂಡಿ ಎಂಬ ಹೆಸರಿನ ದೊಡ್ಡ ಪಟ್ಟಣ ಇದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮೆರೆದು, ಆಮೇಲೆ ಹೊಯ್ಸಳ ವೀರಬಲ್ಲಾಳನಿಗೂ ನೆಲೆಯಾಗಿತ್ತು. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಎಂದು ಊರವರ ಬಾಯಲ್ಲಿದೆ. ಎಣಿಸಲು ನಾನು ಹೋಗಲಿಲ್ಲ. ಕಾಶಿವಿಶ್ವೇಶ್ವರ ಗುಡಿಯತ್ತ ನಡೆದೆ.

ಅಲ್ಲಿ ಎರಡು ಗುಡಿಗಳು ಎದುರುಬದುರು ನಿಂತಿವೆ. ದೊಡ್ಡದು ಶಿವನದು, ಪೂರ್ವಕ್ಕೆ ಮುಖ. ಚಿಕ್ಕದು ಸೂರ್ಯನದು, ಪಶ್ಚಿಮಕ್ಕೆ ಮುಖ ಮಾಡಿ ಶಿವನನ್ನೇ ನೋಡುತ್ತದೆ. ಡಿಸೆಂಬರಿನಲ್ಲಿ ನಾವು ಅಲ್ಲಿಗೆ ಬಂದದ್ದು ನಡುಮಧ್ಯಾಹ್ನ. ಬಿಸಿಲು ನೆತ್ತಿಯಿಂದ ಬೀಳುವಾಗ ಕಲ್ಲಿನ ಮೇಲಿನ ಕೆತ್ತನೆಯೆಲ್ಲ ಒಂದೇ ಬೂದು ಬಣ್ಣವಾಗಿ ಕಂಡಿತ್ತು. ಈ ಬೆಳಿಗ್ಗೆ ಸೂರ್ಯ ಆಗ್ನೇಯದಲ್ಲಿ ಮೂಡಿ, ಎಳೆಬಿಸಿಲು ಗೋಡೆಯನ್ನು ಅಡ್ಡಡ್ಡ ಸವರಿತು. ಒಂದೊಂದು ಗೆರೆಗೂ ಒಂದೊಂದು ನೆರಳು ಹುಟ್ಟಿತು. ದಕ್ಷಿಣದ ಬಾಗಿಲ ಚೌಕಟ್ಟಿನಲ್ಲಿ ಬಳ್ಳಿಯಂತೆ ಕಂಡಿದ್ದರೊಳಗೆ ಸುರುಳಿ, ಸುರುಳಿಯೊಳಗೆ ಹೆಬ್ಬೆರಳಷ್ಟೇ ದೊಡ್ಡ ಮೂರ್ತಿಗಳು! ನಾನು ಬೇಗ ಬಂದದ್ದು ಜನರಿಂದ ತಪ್ಪಿಸಿಕೊಳ್ಳಲು. ಬೇಗ ಬರಬೇಕಾದ ಇನ್ನೊಂದು ಕಾರಣ ಬೆಳಕು ಎಂದು ಆ ಬಾಗಿಲ ಮುಂದೆ ನಿಂತಾಗ ತಿಳಿಯಿತು.

ನೋಟ್ಸಿನಲ್ಲಿ ಬರೆದುಕೊಂಡ ಸಾಲುಗಳು ಆಗ ತಾವಾಗಿ ಎದ್ದು ಬಂದವು. ಬಾದಾಮಿ ಚಾಲುಕ್ಯರು ಪಟ್ಟದಕಲ್ಲಿನಲ್ಲಿ ಬಳಸಿದ್ದು ಮರಳುಗಲ್ಲು. ಇಲ್ಲಿಯದು ನುಣುಪಾದ ಬಳಪದ ಕಲ್ಲು, ಉಳಿಗೆ ಸುಲಭವಾಗಿ ಬಾಗುವಂಥದ್ದು. ಅದಕ್ಕೇ ಇಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು. ಇದನ್ನು ಎಷ್ಟು ಸಲ ಬಾಯಿಪಾಠ ಮಾಡಿದ್ದೇನೋ. ಕಲ್ಲಿನ ಮೇಲೆ ಕಣ್ಣಿಟ್ಟು ಓದಿದ್ದು ಅದೇ ಮೊದಲು. ಒಳಗಿನ ಕಂಬಗಳು ಬಳೆ ಜೋಡಿಸಿಟ್ಟಂತೆ ದುಂಡಗೆ, ನಯವಾಗಿ ಹೊಳೆಯುತ್ತಿದ್ದವು. ಇವನ್ನು ತಿರುಗಿಸುತ್ತಾ ಕಡೆದದ್ದು ಎಂದು ಪುಸ್ತಕದಲ್ಲಿದೆ.

ಅಲ್ಲಿಂದ ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿ. ಮೂರು ಕಡೆಯಿಂದ ಮೆಟ್ಟಿಲು ಇಳಿದು ನೀರಿಗೆ ಬರುತ್ತವೆ, ಗೋಡೆಗಳಲ್ಲಿ ಸಣ್ಣ ಸಣ್ಣ ಗುಡಿಗಳಂಥ ಗೂಡುಗಳು. ಒಂದು ಮೆಟ್ಟಿಲ ಮೇಲೆ ಕೂತೆ. ಯಾರೂ ಇರಲಿಲ್ಲ. ಪಟ್ಟಿ ಬಂದ ಮೇಲೆ ಮೊದಲ ಸಲ ಮನಸಾರೆ ಅತ್ತದ್ದು ಅಲ್ಲಿ. ರೂಮಿನಲ್ಲಿ ನಾಲ್ಕು ಜನ ಇರುತ್ತೇವೆ, ಅಳಲಿಕ್ಕೂ ಜಾಗವಿಲ್ಲ.

ಮುಖ ತೊಳೆದುಕೊಂಡು, ಬಸ್‌ಸ್ಟಾಪಿನ ಹತ್ತಿರ ಒಂದು ಪ್ಲೇಟು ಉಪ್ಪಿಟ್ಟು ತಿಂದು, ಮತ್ತೆ ಮ್ಯೂಸಿಯಂ ಕಡೆ ಬಂದೆ. ಅದರ ಪಕ್ಕದಲ್ಲೇ ಬ್ರಹ್ಮಜಿನಾಲಯ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ. ಒಳಗೆ ನಾಲ್ಕು ಮುಖದ ಬ್ರಹ್ಮ, ಪದ್ಮಾವತಿ. ಹೊಸ್ತಿಲ ಬಳಿ ನಿಂತು ನನ್ನ ನೋಟ್ಸ್ ತೆಗೆದೆ. ‘ದಾನಚಿಂತಾಮಣಿ ಅತ್ತಿಮಬ್ಬೆ: ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿದಳು. ರನ್ನನಿಂದ ಅಜಿತಪುರಾಣ ಬರೆಸಿದಳು (993).’ ಇಷ್ಟೇ. ಎರಡೂ ಹೆಸರು ಒಂದೇ ಸಾಲಿನಲ್ಲಿ. ತಪ್ಪಾದದ್ದು ಅಲ್ಲೇ.

ಮೊಬೈಲ್‌ನಲ್ಲಿ ಆಕೆಯ ಕಥೆ ಪೂರ್ತಿ ಓದುತ್ತಾ ಕಟ್ಟೆಯ ಮೇಲೆ ಕೂತೆ. ಅತ್ತಿಮಬ್ಬೆಯನ್ನೂ ತಂಗಿ ಗುಂಡಮಬ್ಬೆಯನ್ನೂ ನಾಗದೇವನೆಂಬ ವೀರನಿಗೇ ಕೊಟ್ಟಿದ್ದರು. ನಾಗದೇವ ತೀರಿಕೊಂಡ. ತಂಗಿ ಸಹಗಮನ ಮಾಡಿದಳು. ಅಕ್ಕ ಮಗನಿಗಾಗಿ ಉಳಿದಳು. ಸಾವಿರ ಪ್ರತಿ, ರನ್ನನಿಗೆ ಆಶ್ರಯ, ಈ ಬಸದಿ ಎಲ್ಲವೂ ಹಾಗೆ ಉಳಿದವಳು ಮಾಡಿದ್ದು. ಸಾವಿರ ಪ್ರತಿ ಅಂದರೆ ತಾಳೆಗರಿಯ ಮೇಲೆ, ಒಂದೊಂದೂ ಕೈಬರಹ. ಅಚ್ಚುಕೂಟಗಳಿಗೆ ಹೆಸರಾದ ಗದಗಿನಲ್ಲಿ ಓದುವ ನನಗೆ ಆ ಸಂಖ್ಯೆಯ ಭಾರ ಅಂದೇ ಅರ್ಥವಾಗಿದ್ದು. ಇಷ್ಟು ವರ್ಷ ಆಕೆ ನನಗೆ ಒಂದು ಅಂಕದ ಪ್ರಶ್ನೆ. ಆಕೆ ಗಂಡ ಸತ್ತ ಹೆಂಗಸು ಎಂಬುದು ನನ್ನ ನೋಟ್ಸಿನಲ್ಲಿ ಇರಲೇ ಇಲ್ಲ.

ಅಷ್ಟರಲ್ಲಿ ಬೀಗ ತೆಗೆದ ಸದ್ದಾಯಿತು. ಮ್ಯೂಸಿಯಂನಲ್ಲಿ ಆ ದಿನದ ಮೊದಲ ಹೆಸರು ನನ್ನದು. ಸುಮಾರು ಅರ್ಧ ಗಂಟೆ ನಾನೊಬ್ಬಳೇ. ಊರ ಸುತ್ತಮುತ್ತ ಸಿಕ್ಕ ತೀರ್ಥಂಕರರು, ದೇವತೆಗಳು, ಕೈ ಮುರಿದವು, ಮುಖ ಸವೆದವು. ಒಂದೊಂದರ ಮುಂದೆಯೂ ನಿಂತೆ. ‘ನಡೀರಿ, ನಡೀರಿ’ ಅನ್ನುವವರು ಯಾರೂ ಇರಲಿಲ್ಲ. ಫೋಟೊ ತೆಗೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಪುಟ ಬರೆದೆ.

ರೂಮಿಗೆ ಬಂದು ಹೇಳಿದರೆ ಮುಂಡರಗಿಯ ಗೆಳತಿಗೆ ರೋಷ ಬಂತು. ‘ನಮ್ಮ ತಾಲೂಕಿನ ಡಂಬಳದಾಗ ದೊಡ್ಡಬಸಪ್ಪನ ಗುಡಿ ಐತಲ್ಲ, ಇಪ್ಪತ್ನಾಲ್ಕು ಮೂಲಿ ನಕ್ಷತ್ರದಂಗ ಕಟ್ಯಾರ. ಅದನ್ನೂ ಮುಂಜಾನೆ ನೋಡಬೇಕ ನೀ’ ಎಂದಳು. ಈಗ ನಾವು ನಾಲ್ವರೂ ತಿಂಗಳಿಗೊಂದು ಬೆಳಗು ಇಟ್ಟುಕೊಂಡಿದ್ದೇವೆ. ಗದಗಿನ ತ್ರಿಕೂಟೇಶ್ವರ ಆಯಿತು, ಡಂಬಳ ಆಯಿತು. ಲಕ್ಷ್ಮೇಶ್ವರದ ಸೋಮೇಶ್ವರನ ಗೋಡೆಯನ್ನು ಈ ಸಲ ಬುತ್ತಿ ಬಿಚ್ಚುವ ಮುಂಚೆ ನೋಡಿದೆ.

ಭಾರತ ಹುಣ್ಣಿಮೆ ಮುಗಿದ ಮೇಲೆ ಅವ್ವ ಕಣ್ಣು ತೋರಿಸಲು ಗದಗಿಗೆ ಬಂದಿದ್ದಳು. ಮರುದಿನ ಬೆಳಿಗ್ಗೆ ಎಬ್ಬಿಸಿ ಲಕ್ಕುಂಡಿಗೆ ಕರೆದುಕೊಂಡು ಹೋದೆ. ಅಪ್ಪ ಹೋದ ಮೇಲೆ ಅವ್ವ ಜಾತ್ರೆ, ಗುಡಿ, ಗುಂಪು ಎಂದರೆ ಹಿಂದೆ ಸರಿಯುವವಳು. ‘ಮಂದಿ ಇರತಾರ, ನಾ ಒಲ್ಲೆ’ ಅನ್ನುವುದು ಆಕೆಯ ಮಾತು. ಅವತ್ತು ಮಂದಿ ಇರಲಿಲ್ಲ. ಕಾಶಿವಿಶ್ವೇಶ್ವರನ ಕಂಬದ ಮೇಲೆ ಕೈಯಾಡಿಸಿ, ‘ಕುಂಬಾರ ತಿಗರಿ ಮ್ಯಾಲೆ ತಿರುವಿದಂಗ ಐತಲ್ಲ’ ಎಂದಳು. ಪುಸ್ತಕ ಹೇಳಿದ್ದನ್ನೇ ಅವ್ವ ಕೈಯಿಂದ ಓದಿದ್ದಳು.

ಬ್ರಹ್ಮಜಿನಾಲಯದ ಮುಂದೆ ಕೂತು ಅತ್ತಿಮಬ್ಬೆಯ ಕಥೆ ಹೇಳಿದೆ. ಅವ್ವ ಬಸದಿಯನ್ನು ಒಂದು ಸುತ್ತು ಕಣ್ಣಾಡಿಸಿ ಕೇಳಿದಳು:

‘ಗಂಡ ಸತ್ತ ಮ್ಯಾಲೆ ಕಟ್ಟಿಸಿದಳೇನ ಇದನ್ನ?’

‘ಹೂಂ ಅವ್ವಾ.’

ಬಹಳ ಹೊತ್ತು ಸುಮ್ಮನಿದ್ದಳು. ವಾಪಸು ಬಸ್ಸಿನಲ್ಲಿ ಕೂತಾಗ, ಕಿಟಕಿಯ ಹೊರಗೆ ನೋಡುತ್ತಲೇ, ‘ಮಾವಗ ನಾ ಹೇಳತೀನಿ. ನೀ ಇನ್ನೊಂದ ಸಲ ಬರಿ’ ಎಂದಳು.

ಅರ್ಜಿ ಹಾಕಿದ್ದೇನೆ. ಈ ಸಲ ಏನಾಗುತ್ತದೋ ಗೊತ್ತಿಲ್ಲ. ರನ್ನ, ಪೊನ್ನರನ್ನು ಮಾತ್ರ ಇನ್ನು ಅದಲುಬದಲು ಮಾಡಲಾರೆ.

ನನ್ನ ಹಾಗೆ ಗೈಡ್ ಹಿಡಿದು ಕೂತ ಗೆಳೆಯ ಗೆಳತಿಯರಿಗೆ ಒಂದು ಮಾತು. ಲಕ್ಕುಂಡಿಗೆ ಹೋಗುವುದಾದರೆ ವಾರದ ನಡುವೆ ಒಂದು ದಿನ, ಮೊದಲ ಬಸ್ಸಿಗೆ ಹೋಗಿ. ಮ್ಯೂಸಿಯಂ ಮುಚ್ಚಿರುತ್ತದೆ. ಚಿಂತೆ ಬೇಡ, ಊರು ತೆರೆದಿರುತ್ತದೆ.