ಕೈಗೆಟುಕುವ ಸ್ಕೋಪು, ಕೆರೆ ನಡುವಿನ ಹಕ್ಕಿ

ಸ್ಪಾಟಿಂಗ್ ಸ್ಕೋಪ್ ಎಂದರೆ ಹಗಲಿನ ನೋಟಕ್ಕೆಂದೇ ರೂಪಿಸಿದ ಒಂಟಿಗಣ್ಣಿನ ಸಣ್ಣ ದೂರದರ್ಶಕ. ಚಂದ್ರನೋ ಶನಿಗ್ರಹವೋ ತಲೆಕೆಳಗಾಗಿ ಕಂಡರೆ ನಷ್ಟವಿಲ್ಲ, ಹಕ್ಕಿ ಹಾಗೆ ಕಂಡರೆ ನಡೆಯದು. ಆದ್ದರಿಂದ ಸ್ಕೋಪಿನ ಕೊಳವೆಯೊಳಗೆ ಬಿಂಬವನ್ನು ನೇರ ಮಾಡುವ ಪಟ್ಟಕಗಳಿರುತ್ತವೆ. ಪಕ್ಷಿವೀಕ್ಷಕರ ಕೊರಳಲ್ಲಿ ತೂಗುವ ದುರ್ಬೀನು ಸಾಮಾನ್ಯವಾಗಿ 8 ಅಥವಾ 10 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಸ್ಕೋಪಿನ ವ್ಯವಹಾರವೆಲ್ಲ ಹೆಚ್ಚಾಗಿ 15ರಿಂದ 60 ಪಟ್ಟಿನ ನಡುವೆ.

ಕಾಡಿನ ಹಕ್ಕಿಗೆ ಇದು ಹೇಳಿಸಿದ್ದಲ್ಲ. ಗುರಿಯಿಟ್ಟು ಮುಗಿಯುವಷ್ಟರಲ್ಲಿ ಹಕ್ಕಿ ಇನ್ನೊಂದು ಮರಕ್ಕೆ ಹಾರಿರುತ್ತದೆ. ರಂಗನತಿಟ್ಟಿನ ದೋಣಿಯಲ್ಲೂ ಪ್ರಯೋಜನವಿಲ್ಲ. ಅಲ್ಲಿ ದೋಣಿ ಅಲುಗುತ್ತದೆ, ಹಕ್ಕಿಯೂ ಹತ್ತಿರದಲ್ಲೇ ಇರುತ್ತದೆ. ಸ್ಕೋಪು ಬೇಕಾಗುವುದು ಅಘನಾಶಿನಿ ಅಳಿವೆಯಂಥ ಬಯಲು ಕೆಸರಿನಲ್ಲಿ, ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ಹರವಾದ ನೀರಿನೆದುರು. ಚಳಿಗಾಲದಲ್ಲಿ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಹೊತ್ತು ದಡದಿಂದ ದೂರ ಸರಿದು ವಿಶ್ರಮಿಸುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಲು ಸಿಕ್ಕರೆ ಆ ಹಕ್ಕಿ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. 300 ಮೀಟರ್ ದೂರದ ಹೆಬ್ಬಾತು 8 ಪಟ್ಟಿನ ದುರ್ಬೀನಿನಲ್ಲಿ ಸುಮಾರು 37 ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ, 30 ಪಟ್ಟಿನ ಸ್ಕೋಪಿನಲ್ಲಿ 10 ಮೀಟರಿನಲ್ಲಿದ್ದಂತೆ. ಅಕ್ಷರ ಓದಲಾಗುವುದು, ಆಗದಿರುವುದು ಈ ಅಂತರದಲ್ಲೇ.

ಹಾಗಾದರೆ 60 ಪಟ್ಟಿನದು ಇನ್ನೂ ಮೇಲಲ್ಲವೇ? ಅಗ್ಗದ ಸ್ಕೋಪು ಕೊಳ್ಳುವವರು ಎಡವುವುದೇ ಇಲ್ಲಿ. ಪೆಟ್ಟಿಗೆಯ ಮೇಲೆ ‘20-60×60’ ಎಂದಿದ್ದರೆ ಮೊದಲ ಎರಡು ಅಂಕಿಗಳು ಹಿಗ್ಗಿಸುವ ಶಕ್ತಿಯನ್ನು, ಕೊನೆಯದು ಮುಂಭಾಗದ ಮಸೂರದ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಹೇಳುತ್ತವೆ. ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿನತ್ತ ಹೊರಬರುವ ಬೆಳಕಿನ ಕಂಬಿಯ ದಪ್ಪ ಸಿಗುತ್ತದೆ. 20 ಪಟ್ಟಿನಲ್ಲಿ ಅದು 3 ಮಿ.ಮೀ. ಹಗಲಿನಲ್ಲಿ ಕಣ್ಣಿನ ಪಾಪೆ 2ರಿಂದ 3 ಮಿ.ಮೀ. ತೆರೆದಿರುವುದರಿಂದ ಅಷ್ಟು ಸಾಕು. 60 ಪಟ್ಟಿಗೆ ತಿರುಗಿಸಿದಾಗ ಕಂಬಿ 1 ಮಿ.ಮೀ.ಗೆ ಇಳಿಯುತ್ತದೆ. ನೋಟ ಮಬ್ಬಾಗುತ್ತದೆ, ಕಣ್ಣು ತುಸು ಸರಿದರೂ ಕತ್ತಲೆ ಕವಿಯುತ್ತದೆ. ಹಕ್ಕಿ ದೊಡ್ಡದಾಗುತ್ತದೆ ನಿಜ, ಆದರೆ ಹೊಸದೇನೂ ಕಾಣುವುದಿಲ್ಲ. ಜೊತೆಗೆ ನೋಟದ ಹರವೂ ಕುಗ್ಗಿ, ಈಗಷ್ಟೇ ಇದ್ದ ಹಕ್ಕಿ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

80 ಮಿ.ಮೀ. ಮಸೂರ 60ರದ್ದಕ್ಕಿಂತ ಸುಮಾರು 1.8 ಪಟ್ಟು ಬೆಳಕು ಹಿಡಿಯುತ್ತದೆ. ಬೆಳಗಿನ, ಸಂಜೆಯ ಮಂದ ಬೆಳಕಿನಲ್ಲಿ ಇದು ಎದ್ದು ಕಾಣುವ ಲಾಭ. ಆದರೆ ತೂಕ, ಬೆಲೆ ಎರಡೂ ಏರುತ್ತವೆ. ಅಗ್ಗದ ಶ್ರೇಣಿಯಲ್ಲಿ ದೊಡ್ಡ ಮಸೂರವೆಂದರೆ ಬಹುಪಾಲು ಸಾಧಾರಣ ಗಾಜಿನ ದೊಡ್ಡ ತುಂಡೇ. ಅದೇ ಹಣಕ್ಕೆ ಸಿಗುವ 50-60 ಮಿ.ಮೀ.ಯ ಒಳ್ಳೆಯ ಗಾಜೇ ಮೇಲು.

ಒಳ್ಳೆಯ ಗಾಜು ಎಂದರೇನು? ಸಾಮಾನ್ಯ ಮಸೂರ ಬೇರೆ ಬೇರೆ ಬಣ್ಣದ ಬೆಳಕನ್ನು ಒಂದೇ ಬಿಂದುವಿಗೆ ತರಲಾರದು. ಬಿಳಿ ಕೊಕ್ಕರೆಯ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಮೂಡುವುದು ಇದರಿಂದಲೇ. ವರ್ಧನೆ ಹೆಚ್ಚಿದಂತೆ ಈ ದೋಷವೂ ಎದ್ದು ಕಾಣುತ್ತದೆ. ಇದನ್ನು ಬಹಳಷ್ಟು ತಗ್ಗಿಸುವ ಗಾಜನ್ನು ‘ಇಡಿ’ ಎಂಬ ಎರಡಕ್ಷರದಿಂದ ಗುರುತಿಸುತ್ತಾರೆ. ಸೆಲೆಸ್ಟ್ರಾನ್ ಕಂಪನಿಯ ಹಮ್ಮಿಂಗ್‌ಬರ್ಡ್ 9-27×56 ಈ ಗಾಜಿನ ಪುಟ್ಟ ಸ್ಕೋಪುಗಳಿಗೆ ಒಂದು ಉದಾಹರಣೆ. 27 ಎಂಬ ಅಂಕಿ ಅಂಗಡಿಯಲ್ಲಿ ಚಿಕ್ಕದಾಗಿ ತೋರಿದರೂ, 56 ಮಿ.ಮೀ. ಮಸೂರ ಹೊರಬಲ್ಲ ವರ್ಧನೆಗೆ ಅದು ಪ್ರಾಮಾಣಿಕ ಮಿತಿ.

ಗಾಜಿನ ಮೇಲಿನ ಲೇಪವೂ ಮುಖ್ಯ. ಲೇಪವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಅಂಥ ಹನ್ನೆರಡು ಮೈಗಳನ್ನು ದಾಟಿದರೆ ಉಳಿಯುವುದು ಶೇ 61 ಮಾತ್ರ. ‘ಫುಲ್ಲಿ ಮಲ್ಟಿ-ಕೋಟೆಡ್’ ಎಂದಿದ್ದರೆ ಗಾಳಿಗೆ ತೆರೆದ ಎಲ್ಲ ಮೈಗಳಿಗೂ ಹಲವು ಪದರದ ಲೇಪವಿದೆ ಎಂದರ್ಥ. ಬರೀ ‘ಕೋಟೆಡ್’ ಎಂದಿದ್ದರೆ ಆ ಭರವಸೆಯಿಲ್ಲ. ಕನ್ನಡಕ ಹಾಕುವವರು ಇನ್ನೊಂದನ್ನು ಗಮನಿಸಬೇಕು. ಐಪೀಸಿನಿಂದ ಕಣ್ಣಿಗೆ 15 ಮಿ.ಮೀ.ಗಿಂತ ಕಡಿಮೆ ಅಂತರ ನಿಗದಿಯಾಗಿದ್ದರೆ ನೋಟದ ಅಂಚು ಕತ್ತರಿಸಿಹೋಗುತ್ತದೆ.

ಐಪೀಸು 45 ಡಿಗ್ರಿ ಬಾಗಿದ ಮಾದರಿ ಕೆರೆ ಏರಿಯ ಮೇಲೆ ಹೆಚ್ಚು ಅನುಕೂಲ. ಟ್ರೈಪಾಡನ್ನು ತಗ್ಗಿಸಿ ನಿಲ್ಲಿಸಬಹುದು, ಮಕ್ಕಳೂ ದೊಡ್ಡವರೂ ಎತ್ತರ ಬದಲಿಸದೆ ಸರದಿಯಲ್ಲಿ ನೋಡಬಹುದು. ಜೀಪಿನೊಳಗಿಂದ ನೋಡುವವರಿಗೆ ನೇರ ಮಾದರಿ ಸಲೀಸು.

ಬಜೆಟ್ಟಿನಲ್ಲಿ ಕೊನೆಗೆ ನೆನಪಾಗುವ ಟ್ರೈಪಾಡಿಗೆ ಮೊದಲೇ ಹಣ ತೆಗೆದಿಡಬೇಕು. 30 ಪಟ್ಟು ಹಿಗ್ಗಿಸುವ ಸ್ಕೋಪು ನಡುಕವನ್ನೂ 30 ಪಟ್ಟು ಹಿಗ್ಗಿಸುತ್ತದೆ. ಮೊಬೈಲ್ ಹಿಡಿಯಲು ಮಾಡಿದ ಕಡ್ಡಿಕಾಲಿನ ಟ್ರೈಪಾಡ್ ಕೆರೆಯ ಗಾಳಿಗೆ ಅದುರತೊಡಗಿದರೆ ಎಂಥ ದುಬಾರಿ ಗಾಜೂ ವ್ಯರ್ಥ. ಫೋಟೋಗ್ರಾಫರುಗಳ ಗುಂಡು ಹೆಡ್‌ಗಿಂತ ವಿಡಿಯೊದವರು ಬಳಸುವ, ನುಣ್ಣಗೆ ತಿರುಗುವ ಹೆಡ್ ಒಳ್ಳೆಯದು. ನಡುಗಂಬವನ್ನು ಎತ್ತರಿಸದೆ, ಅದರ ಕೆಳಗೆ ಕೈಚೀಲ ತೂಗಿಬಿಟ್ಟರೆ ಅಲುಗಾಟ ಇನ್ನಷ್ಟು ಕಡಿಮೆ.

ಹಣದಿಂದ ಬಗೆಹರಿಯದ ತೊಡಕೊಂದಿದೆ. ಬಿಸಿಲೇರಿದಂತೆ ನೆಲ ಕಾದು, ಬಿಸಿಗಾಳಿ ಏಳುತ್ತದೆ. ಬಿಸಿ, ತಂಪು ಗಾಳಿಯ ಪದರಗಳು ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುವುದರಿಂದ ದೂರದ ಹಕ್ಕಿ ನೀರಿನಡಿಯ ನೆರಳಿನಂತೆ ಕುಲುಕುತ್ತದೆ. ಆಗ ದುಬಾರಿ ಸ್ಕೋಪಿನವರೂ 30 ಪಟ್ಟಿಗೋ ಅದಕ್ಕೂ ಕೆಳಕ್ಕೋ ಇಳಿಯಬೇಕಾಗುತ್ತದೆ. ಕೊರಳಪಟ್ಟಿ ಓದಲು ಬೆಳಗಿನ ತಂಪೇ ಸರಿ.

ಕೊಳ್ಳುವ ಮೊದಲು ಅಂಗಡಿಯ ಬಾಗಿಲಿಗೆ ಬಂದು ಪರೀಕ್ಷಿಸುವುದು ಸುಲಭ. ಆಕಾಶದೆದುರಿನ ಕರೆಂಟು ತಂತಿಯ ಅಂಚಿನಲ್ಲಿ ಬಣ್ಣ ಎಷ್ಟಿದೆ ನೋಡಬೇಕು. ದೂರದ ನಾಮಫಲಕದ ಸಣ್ಣ ಅಕ್ಷರಗಳ ಮೇಲೆ ಫೋಕಸ್ ಮಾಡಿದಾಗ ಅವು ಒಂದೇ ಬಿಂದುವಿನಲ್ಲಿ ಥಟ್ಟನೆ ಚೂಪಾಗಬೇಕು. ವರ್ಧನೆ ಹೆಚ್ಚಿಸುತ್ತ ಹೋದಾಗ ಎಲ್ಲಿ ಹೊಸ ಅಕ್ಷರ ಓದಲು ಸಿಗುವುದು ನಿಲ್ಲುತ್ತದೋ ಅದೇ ಆ ಸ್ಕೋಪಿನ ನಿಜವಾದ ಮಿತಿ, ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ.

ಬಳಸಿದ ಸ್ಕೋಪು ಕೊಳ್ಳುವವರು ಒಳಗೆ ಟಾರ್ಚ್ ಬಿಟ್ಟು ನೋಡಬೇಕು. ಕರಾವಳಿ, ಮಲೆನಾಡಿನ ತೇವದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಜೇಡರಬಲೆಯಂಥ ಎಳೆಗಳು ಕಂಡರೆ ಕೊಳ್ಳದಿರುವುದೇ ಲೇಸು, ಅದು ಲೇಪವನ್ನೇ ತಿಂದಿರುವ ಸಂಭವ ಹೆಚ್ಚು. ಒಳಗೆ ನೈಟ್ರೋಜನ್ ತುಂಬಿ ಬಿಗಿದ ಮಾದರಿಗಳ ಒಳಗಾಜು ಮಂಜು ಕಟ್ಟುವುದಿಲ್ಲ. ಆದರೂ ಮಳೆಗಾಲದಲ್ಲಿ ಸ್ಕೋಪನ್ನು ಬಟ್ಟೆಯ ಚೀಲದಲ್ಲಿಡದೆ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ವಾಡಿಕೆ.